ನಾವು ಎತ್ತದ ಹಸು

ಮೈಕು ಕಟ್ಟಿಕೊಂಡ ಆಟೋ ಬಂದು ಕೂಗಿ ಹೋದ ದಿನ ನಮ್ಮೂರಿನವರು ರೋಗಕ್ಕೆ ಹೆದರಲಿಲ್ಲ, ಅಂಗಡಿಗೆ ಓಡಿದರು. ನಗಬೇಕೆನಿಸಿದರೆ ನಗಿ ಮಕ್ಕಳೇ, ಆಮೇಲೆ ನಾವೂ ನಕ್ಕಿದ್ದೇವೆ.

ಆಟೋ ತಾಳವಾಡಿ ಕಡೆಯಿಂದ ಬಂದಿತ್ತು. ಒಳಗೆ ಕುಳಿತವನು ತಮಿಳಿನಲ್ಲಿ ಒಂದೇ ಉಸಿರಿಗೆ ಏನೋ ಓದುತ್ತಿದ್ದ. ಮೈಕು ಗೊರಗುಟ್ಟುತ್ತಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಆಟೋ ಕುಲುಕಿದಾಗಲೆಲ್ಲ ಮಾತು ತುಂಡಾಗುತ್ತಿತ್ತು. ನಮ್ಮ ಕಿವಿಗೆ ಸರಿಯಾಗಿ ಬಿದ್ದದ್ದು 'ಅಡೈಪ್ಪಾನ್' ಎಂಬ ಒಂದೇ ಪದ. ತಮಿಳಿನಲ್ಲಿ ಅಡೈಪ್ಪು ಅಂದರೆ ಮುಚ್ಚುವುದು, ಕಡೈ ಅಡೈಪ್ಪು ಅಂದರೆ ಅಂಗಡಿ ಬಂದ್. ಗಡಿಯಲ್ಲಿ ಬದುಕುವ ನಮಗೆ ಆ ಪದದ ಗುರುತು ಚೆನ್ನಾಗಿದೆ. ನೀರಿನ ಜಗಳ ಎದ್ದಾಗಲೆಲ್ಲ ಅತ್ತ ಚಾಮರಾಜನಗರದ ಬಸ್ಸು ನಿಲ್ಲುತ್ತದೆ, ಇತ್ತ ಸತ್ಯಮಂಗಲದ ಬಸ್ಸು ದಿಂಬಂ ಘಾಟಿ ಹತ್ತುವುದಿಲ್ಲ. ನಡುವೆ ನಾವು, ಎರಡೂ ಕಡೆಯವರಿಗೆ ಬೇಡವಾದವರು.

"ಬಂದ್ ಕಣ್ರವ್ವ, ಬಂದ್! ಅಕ್ಕಿ ಎಣ್ಣೆ ತಕ್ಕಬುಡಿ!" ಎಂದು ಯಾರೋ ಕೂಗಿದ್ದೇ ತಡ, ಬೀದಿಗೆ ಬೀದಿಯೇ ಚೀಲ ಹಿಡಿದು ಹೊರಟಿತು. ನಿಮ್ಮಮ್ಮ ಸಕ್ಕರೆ, ಟೀಪುಡಿ, ಮಡಿಲು ತುಂಬ ಬೆಂಕಿಪೊಟ್ಟಣ ತಂದಳು. "ಇಷ್ಟೊಂದು ಬೆಂಕಿಪೊಟ್ಣ ಏನ್ಮಾಡಿಯೇ?" ಎಂದರೆ, "ಮಿಕ್ಕಿದ್ದೆಲ್ಲ ಮುಗ್ದೋಗಿತ್ತು ಅತ್ತೆ" ಎಂದಳು. ಮಾರನೆಯ ಬೆಳಗ್ಗೆ ಬಸ್ಸು ತನ್ನ ಹೊತ್ತಿಗೆ ಸರಿಯಾಗಿ ಹಾರನ್ ಹೊಡೆದುಕೊಂಡು ಬಂತು. ಅಂಗಡಿಯವನೇ ಆಟೋದವನಿಗೆ ಟೀ ಕುಡಿಸಿ ಕೂಗಿಸಿದ್ದಾನೆ ಎಂದು ಊರೆಲ್ಲ ಅವನನ್ನು ಗೇಲಿ ಮಾಡಿತು.

ದೊಡ್ಡಮನೆಯವರು ನಮ್ಮನ್ನು ಯಾಕೆ ಕೂಲಿಗೆ ಕರೆಯುವುದಿಲ್ಲ ಎಂದು ಮೊನ್ನೆ ನೀವು ಕೇಳಿದಿರಿ. ಆ ಕತೆ ಶುರುವಾಗುವುದು ಇಲ್ಲಿಂದಲೇ. ಬಾಯಲ್ಲಿ ಹೇಳಲು ಹೊರಟರೆ ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ, ನಿಮ್ಮೆದುರೂ ಸಹ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ, ಆದ್ದರಿಂದ ಬರೆಯುತ್ತೇನೆ.

ಆಟೋ ಬಂದು ಹೋದ ಮೇಲೆ ದನದಾಸ್ಪತ್ರೆಯ ಜೀಪು ಬಂತು. ಅದರಿಂದ ಇಳಿದವಳು ಒಬ್ಬ ಡಾಕ್ಟರಮ್ಮ, ನಿಮ್ಮ ಚಿಕ್ಕತ್ತೆಯ ವಯಸ್ಸಿನವಳು. ಘಾಟಿ ಕೆಳಗಿನವಳು, ಮಾತು ತಮಿಳು. ನಮ್ಮ ಕನ್ನಡವನ್ನು ನಮ್ಮಿಂದಲೇ ಕೇಳಿ ಕೇಳಿ ಕಲಿತಿದ್ದಳು. ಶಾಲೆ ಪಕ್ಕದ ನೀರಿನ ತೊಟ್ಟಿಯ ಹತ್ತಿರ ನಿಂತು, ಅಡೈಪ್ಪಾನ್ ಅಂದರೆ ದನಕ್ಕೆ ಬರುವ ರೋಗ, ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಅನ್ನುತ್ತಾರೆ, ಕಾಡಂಚಿನಲ್ಲಿ ಸತ್ತು ಬಿದ್ದಿದ್ದ ಒಂದು ಕಡವೆಯ ರಕ್ತದಲ್ಲಿ ಅದು ಸಿಕ್ಕಿದೆ, ನಿಮ್ಮ ದನಗಳೂ ಅಲ್ಲೇ ಮೇಯುತ್ತವೆ, ಎಲ್ಲವನ್ನೂ ಹೊಡೆದುಕೊಂಡು ಬನ್ನಿ, ಸೂಜಿ ಹಾಕುತ್ತೇವೆ ಎಂದಳು.

ಬಂದವರು ಕಡಿಮೆ. ಸೂಜಿ ಹಾಕಿಸಿದರೆ ಹಾಲು ಬತ್ತುತ್ತದೆ, ಗಬ್ಬ ಇಳಿಯುತ್ತದೆ ಎಂದು ಊರಿನಲ್ಲಿ ನಂಬಿದ್ದರು. ದೊಡ್ಡಮನೆಯಿಂದ ಒಂದು ಕರುವೂ ಬರಲಿಲ್ಲ. ಅವರ ಸೀಮೆ ಹಸುಗಳ ಹಾಲು ದಿನಾ ಬೆಳಗ್ಗೆ ಕ್ಯಾನಿನಲ್ಲಿ ವ್ಯಾನು ಹತ್ತುತ್ತಿತ್ತು.

ನಾನು ನಮ್ಮ ಕೆಂದಹಸುವನ್ನೂ ಮೇಕೆಗಳನ್ನೂ ಹೊಡೆದುಕೊಂಡು ಹೋದೆ. ಧೈರ್ಯವೇನಲ್ಲ, ನಾಚಿಕೆ. ಆ ಹುಡುಗಿ ಬಿಸಿಲಿನಲ್ಲಿ ಸೂಜಿ ಹಿಡಿದು ಯಾರೂ ಬಾರದೆ ನಿಂತಿದ್ದನ್ನು ನೋಡಲಾಗದೆ ಹೋದೆ. ಅವಳು ಹಸುವಿನ ಕತ್ತು ನೇವರಿಸಿ ಸೂಜಿ ಹಾಕಿದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು:

"ಅಮ್ಮಾ, ಊರಲ್ಲಿ ದನ ಸತ್ರೆ ಎತ್ತೋರು ನಿಮ್ಮ ಬೀದಿಯವ್ರಾ?"

ಹೌದೆಂದು ತಲೆಯಾಡಿಸಿದೆ.

"ಎತ್ಬೇಡಿ. ಕತ್ತಿ ಹಾಕ್ಬೇಡಿ. ಮೂಗಲ್ಲಿ ಕರಿ ರಕ್ತ ಬಂದು ಸತ್ತಿದ್ರೆ ಮುಟ್ಟಲೇಬೇಡಿ. ಒಳಗೇ ಇದ್ರೆ ಆ ರೋಗ ದನದ ಜೊತೆ ಸಾಯುತ್ತೆ. ಕುಯ್ದು ತೆರೆದ್ರೆ ಗಾಳಿ ತಗಲಿ ಮಣ್ಣಿಗೆ ಇಳಿಯುತ್ತೆ. ಮಣ್ಣಲ್ಲಿ ವರ್ಷ ವರ್ಷ ತೂಂಗುದು, ನಿದ್ದೆ ಮಾಡುತ್ತೆ, ಸಾಯಲ್ಲ."

ಮತ್ತೆ ತನ್ನ ಮುಂಗೈ ತೋರಿಸಿ ಹೇಳಿದಳು: "ಮನುಷ್ಯರಿಗೆ ಬಂದ್ರೆ ಇಲ್ಲಿ ಮೊದಲು ಸೊಳ್ಳೆ ಕಚ್ಚಿದ ಹಾಗೆ. ಆಮೇಲೆ ನೀರುಗುಳ್ಳೆ. ಆಮೇಲೆ ನಡುವೆ ಇದ್ದಿಲು ಇಟ್ಟ ಹಾಗೆ ಕಪ್ಪು. ಕೈ ಊದುತ್ತೆ, ಆದ್ರೆ ಹುಣ್ಣು ನೋಯಲ್ಲ. ನೋಯಲ್ಲ ಅಂತ ಸುಮ್ನಿರ್ತಾರೆ. ಅದೇ ಆಪತ್ತು."

ನಾನು ಹಗ್ಗ ಹಿಡಿದುಕೊಂಡು ನಿಂತೇ ಇದ್ದೆ. ಹಸು ಎಳೆಯುತ್ತಿತ್ತು.

ನಿಮ್ಮ ತಾತ ಹೋದಾಗ ನಿಮ್ಮಪ್ಪ ಇನ್ನೂ ತೊದಲುತ್ತಿದ್ದ. ದೊಡ್ಡಮನೆಯ ಎತ್ತೊಂದು ಸತ್ತಿತ್ತು. ಎತ್ತಿಕೊಂಡು ಹೋಗಿ ಸುಲಿದವರು ನಿಮ್ಮ ತಾತ ಮತ್ತು ಅವರ ಅಣ್ಣ, ನಿಮ್ಮ ದೊಡ್ಡತಾತ. ಸುಲಿಯುವುದರಲ್ಲಿ ನಿಮ್ಮ ತಾತನ ಕೈ ನಯ, ಚರ್ಮಕ್ಕೆ ಒಂದು ತೂತೂ ಬೀಳುತ್ತಿರಲಿಲ್ಲ. ಆಮೇಲೆ ಅವರ ಮೊಣಕೈ ಕೆಳಗೆ ಒಂದು ಗುಳ್ಳೆ ಎದ್ದಿತು. ಅದರ ನಡುವೆ ಕಪ್ಪು ಕೂತಿತು. ತೋಳು ಬಾಳೆದಿಂಡಿನಂತೆ ಊದಿತು. ಆಸ್ಪತ್ರೆಗೆ ಹೋಗೋಣ ಎಂದೆ. "ನೋಯ್ತಿಲ್ಲ ಕಣೆ, ಬುಡು," ಎಂದರು. ಜ್ವರ ಏರಿತು. ವಿಷದ ಹುಳ ಮುಟ್ಟಿದೆ ಎಂದು ಸೊಪ್ಪು ಅರೆದು ಕಟ್ಟಿದರು. ನಿಮ್ಮ ತಾತ ಎದ್ದು ಕೂರಲೇ ಇಲ್ಲ. ಎಲ್ಲರೂ ಹುಳ ಎಂದರು, ನಾನೂ ಹುಳ ಎಂದು ನಂಬಿ ಇಷ್ಟು ಕಾಲ ಬಾಳಿದೆ. ಹುಳವಲ್ಲ ಎಂದು ನನಗೆ ತಿಳಿದದ್ದು ಆ ತೊಟ್ಟಿಯ ಪಕ್ಕದಲ್ಲಿ, ಹಸುವಿನ ಹಗ್ಗ ಕೈಯಲ್ಲಿ ಹಿಡಿದು ನಿಂತಾಗ.

ಡಾಕ್ಟರಮ್ಮನಿಗೆ ಏನೂ ಹೇಳಲಿಲ್ಲ. ಮನೆಗೆ ಬಂದು ನಿಮ್ಮಮ್ಮನಿಗೆ, "ಆ ಎಣ್ಮಗಳ ಫೋನ್ ನಂಬ್ರ ಈಸ್ಕ ಬಾ, ಓಡು," ಎಂದಷ್ಟೇ ಹೇಳಿದೆ. ನಿಮ್ಮಮ್ಮ ಯಾಕೆಂದು ಕೇಳದೆ ಓಡಿದಳು. ಅವಳಲ್ಲಿ ನನಗೆ ಇಷ್ಟವಾದ ಗುಣ ಅದು.

ಈಗ ನಮ್ಮ ಬೀದಿಯ ರೂಢಿ ಹೇಳಬೇಕು. ಆಗ ನೀವು ತೀರ ಚಿಕ್ಕವರು, ನೆನಪಿರಲಿಕ್ಕಿಲ್ಲ. ಊರಿನಲ್ಲಿ ಯಾರ ಮನೆಯ ದನವೂ 'ಸಾಯುತ್ತಿರಲಿಲ್ಲ'. 'ಬೀಳುತ್ತಿತ್ತು'. "ದನ ಬಿದ್ದದೆ" ಎಂದು ಬೀದಿಯ ತುದಿಯಲ್ಲಿ ನಿಂತು ಕೂಗಿದರೆ ನಮ್ಮ ಗಂಡಸರು ಉಣ್ಣುತ್ತಿದ್ದ ಅನ್ನ ಬಿಟ್ಟು ಏಳಬೇಕು. ಹಗ್ಗ, ಬಿದಿರಿನ ಗಳ, ಕತ್ತಿ ಹಿಡಿದು ಹೋಗಬೇಕು. ಕಾಲು ಕಟ್ಟಿ, ಗಳಕ್ಕೆ ಏರಿಸಿ, ನಮ್ಮ ಬೀದಿಯ ಕೆಳಗಿನ ಮೂಳೆಹಳ್ಳಕ್ಕೆ ಹೊತ್ತು ತಂದು ಸುಲಿಯಬೇಕು. ತಿನ್ನುವುದನ್ನು ನಮ್ಮ ಬೀದಿಯಲ್ಲಿ ಬಿಟ್ಟು ಬಹಳ ಕಾಲವಾಗಿತ್ತು. ಚರ್ಮ ಕೊಳ್ಳುವವನೂ ಈಚೆಗೆ ಅಪರೂಪಕ್ಕೆ ಬರುತ್ತಿದ್ದ. ಎತ್ತುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬಿಡಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಮೂಳೆಹಳ್ಳದಿಂದ ನಮ್ಮ ಬಾವಿ ಕೂಗಳತೆಯಷ್ಟೂ ದೂರವಿಲ್ಲ. ಹಸು ಬದುಕಿರುವವರೆಗೆ ಹಾಲು ಅವರದು, ಬಿದ್ದ ಮೇಲೆ ರೋಗ ನಮ್ಮದು. ಈ ಲೆಕ್ಕ ಬರೆದವರು ಯಾರೋ, ನಾವಂತೂ ಅಲ್ಲ.

ಜೀಪು ಬಂದು ಹೋಗಿ ವಾರವೂ ಆಗಿರಲಿಲ್ಲ. ಬೆಳಗ್ಗೆ ನಾನು ಅಂಗಳ ಸಾರಿಸುತ್ತಿದ್ದೆ. ದೊಡ್ಡತಾತ ದೊಡ್ಡಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಕೆಲಸಕ್ಕಿದ್ದರು. ಅಲ್ಲಿಂದಲೇ ಏದುಸಿರು ಬಿಡುತ್ತ ಬಂದರು.

"ಏಳ್ಲಾ ಮಗ," ಎಂದು ನಿಮ್ಮಪ್ಪನನ್ನು ಕರೆದರು. "ದೊಡ್ಡಮನೆ ಸೀಮೆ ಅಸ ಬಿದ್ದದೆ. ರಾತ್ರಿ ಮೇವು ತಿಂದಿತ್ತು ಕಣ್ಲಾ, ಬೆಳಗ್ಗೆ ಗಡಗಡ ನಡುಗ್ತು, ಬಿತ್ತು. ಮೂಗಲ್ಲಿ ಕರೀ ರಕ್ತ, ಸುಟ್ಟೆಣ್ಣೆ ಥರ, ಎಪ್ಪೇ ಕಟ್ಟಕಿಲ್ಲ. ಒರೆಸಿ ಒರೆಸಿ ಸಾಕಾಯ್ತು. ವ್ಯಾನ್ ಬರಾಕೆ ಮುಂಚೆ ಎತ್ಬುಡಬೇಕಂತೆ."

ನಿಮ್ಮಪ್ಪ ಸೂರಿಗೆ ಸಿಕ್ಕಿಸಿದ್ದ ಕತ್ತಿ ತೆಗೆದು ಕಲ್ಲಿನ ಮೇಲೆ ಮಸೆಯತೊಡಗಿದ. ಆ ಕತ್ತಿ ನಿಮ್ಮ ತಾತನದೇ.

ನಾನು ಹೋಗಿ ಆ ಕಲ್ಲಿನ ಮೇಲೆ ಕೂತುಬಿಟ್ಟೆ. ಕೈ ತುಂಬ ಸಗಣಿ. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

"ಏಳವ್ವ, ಒತ್ತಾಯ್ತದೆ," ಎಂದ.

"ಎತ್ತಬ್ಯಾಡ ಕಣ್ಲಾ."

"ಬುದ್ದಿಯೋರು ಸುಮ್ಕೆ ಬುಟ್ಟಾರಾ?"

ನಿಮಗೆ ಆ ಪದವೂ ಗೊತ್ತಿರಲಿಕ್ಕಿಲ್ಲ. ದೊಡ್ಡವರ ಮನೆಯವರನ್ನು ನಮ್ಮವರು 'ಬುದ್ದಿ' ಎಂದೇ ಕರೆಯಬೇಕು. ಅವರು ಹೇಳಿದ್ದು ಬುದ್ದಿ, ನಾವು ಮಾಡಿದ್ದು ಕೆಲಸ.

"ಬುಡದಿದ್ರೆ ಇಡ್ಕಳ್ಳಿ. ನೀನು ಎತ್ತಕಿಲ್ಲ," ಎಂದೆ.

ದೊಡ್ಡತಾತ ನಕ್ಕರು. ನಾನು ಅವರೆದುರು ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡಿದವಳಲ್ಲ. ಅವರು ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದೆ. "ನೋಡ್ರಪ್ಪ," ಎಂದು ಅಕ್ಕಪಕ್ಕದವರನ್ನೆಲ್ಲ ಕರೆದರು. "ಅಸೂಗೆ ಸೂಜಿ ಚುಚ್ಚಿಸ್ಕಂಡ್ ಬಂದ್ಲು, ಬರ್ತಾ ಇವಳೂ ಡಾಕ್ಟ್ರಾಗಿ ಬಂದ್ಬುಟ್ಲು. ಯೋಳವ್ವ ಡಾಕ್ಟ್ರೇ, ನಾವು ಅಪ್ಪನ ಕಾಲ್ದಿಂದ ಎತ್ತಿದೀವಿ, ನಂಗೇನಾಗದೆ?"

"ನಿಮಗೇನೂ ಆಗ್ನಿಲ್ಲ ಬಾವ. ನಿಮ್ಮ ತಮ್ಮಂಗಾಯ್ತು."

ನಾನು ಕಲ್ಲಿನಿಂದ ಏಳಲಿಲ್ಲ. ಕೂತೇ ಹೇಳಿದೆ: ಆ ಎತ್ತು, ಆ ಗುಳ್ಳೆ, ನಡುವಿನ ಕಪ್ಪು, ಊದಿದ ತೋಳು, ನೋಯ್ತಿಲ್ಲ ಎಂದ ಮಾತು. ಡಾಕ್ಟರಮ್ಮ ತನ್ನ ಮುಂಗೈ ತೋರಿಸಿ ಹೇಳಿದ್ದನ್ನೂ ಹೇಳಿದೆ. ನಿಮ್ಮಪ್ಪ ಕತ್ತಿಯನ್ನು ನೆಲದ ಮೇಲೆ ಇಟ್ಟ. ಅಪ್ಪ ಹೇಗೆ ಸತ್ತ ಎಂದು ಅವನು ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ.

"ಹುಳ ಮುಟ್ಟಿದ್ದು ಕಣವ್ವ ಅದು," ಎಂದರು ದೊಡ್ಡತಾತ. ಆದರೆ ದನಿ ಮೊದಲಿನಂತೆ ಇರಲಿಲ್ಲ. ಅವರು ದೊಡ್ಡಮನೆಗೆ ವಾಪಸು ಹೋಗಲೂ ಇಲ್ಲ, ನಮ್ಮ ಜಗಲಿಯ ಮೇಲೆ ಕೂತರು.

ಯಾರೂ ಬಾರದ್ದನ್ನು ಕಂಡು ದೊಡ್ಡಮನೆ ಯಜಮಾನರೇ ಬೈಕಿನಲ್ಲಿ ಬಂದರು. ಬೀದಿಯ ತುದಿಯಲ್ಲಿ ನಿಲ್ಲಿಸಿದರು, ಒಳಗೆ ಬರಲಿಲ್ಲ. ಎಂದೂ ಬಂದವರಲ್ಲ.

"ಏನ್ರಲಾ, ಒತ್ತು ನೆತ್ತಿಗೆ ಬಂತು. ಕಿವಿ ಕೇಳಿಸ್ತಾ ಇಲ್ವಾ?"

ಗಂಡಸರಲ್ಲಿ ಒಬ್ಬ ತಲೆ ಕೆರೆದುಕೊಂಡ. ಇನ್ನೊಬ್ಬ ಸುಮ್ಮನೆ ನಿಂತಿದ್ದ ಮೇಕೆಯನ್ನು ಬಯ್ಯತೊಡಗಿದ.

"ಬ್ಯಾಡ ಅಂದೋರು ಯಾರ್ಲಾ?"

ಎಲ್ಲರೂ ನನ್ನ ಕಡೆ ನೋಡದೆ ಇರಲು ಎಷ್ಟು ಕಷ್ಟಪಟ್ಟರೆಂದರೆ, ಅದರಿಂದಲೇ ಅವರಿಗೆ ನಾನೆಂದು ತಿಳಿಯಿತು.

"ಏನಮ್ಮಿ? ನೀನಾ?"

ಎದ್ದು ನಿಂತೆ. ಹೇಳಬೇಕೆಂದುಕೊಂಡ ಮಾತೆಲ್ಲ, ರಕ್ತ, ಗಾಳಿ, ಮಣ್ಣು, ಎಲ್ಲವೂ ಮರೆತುಹೋಯಿತು. ಬಾಯಿಗೆ ಬಂದದ್ದು ಒಂದೇ.

"ಇವತ್ತು ಅಡೈಪ್ಪು ಬುದ್ದಿ."

"ಏನು?"

"ಅಡೈಪ್ಪು. ಬಂದ್. ನಮ್ಮ ಬೀದಿ ಬಂದ್."

ಹಿಂದೆ ಯಾವಳೋ ಕಿಸಕ್ಕನೆ ನಕ್ಕಳು. ಆಮೇಲೆ ಇನ್ನೊಬ್ಬಳು. ಬೆಂಕಿಪೊಟ್ಟಣದ ನೆನಪಾಗಿ ನಿಮ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ದೊಡ್ಡಮನೆ ಯಜಮಾನರೆದುರು ನಮ್ಮ ಬೀದಿಯ ಹೆಂಗಸರು ನಕ್ಕದ್ದು ಅದೇ ಮೊದಲು.

ಅವರ ಮುಖ ಕೆಂಪಾಯಿತು. "ನಗಾಡ್ತೀರಾ? ನಾಳೆಯಿಂದ ನನ್ನ ಒಲಕ್ಕೆ ಒಬ್ರೂ ಕಾಲಿಡ್ಬ್ಯಾಡಿ."

"ಇಡಕಿಲ್ಲ ಬುದ್ದಿ," ಎಂದೆ.

ಬುದ್ದಿ ಎನ್ನುವುದನ್ನು ನಾನು ಆಗಲೂ ಬಿಡಲಿಲ್ಲ. ಅಷ್ಟು ಬೇಗ ನಾಲಗೆ ತಿರುಗುವುದಿಲ್ಲ. ಆದರೆ ಬುದ್ದಿ ಎಂಬ ಪದದ ಪಕ್ಕದಲ್ಲೇ ಇಲ್ಲ ಎಂಬ ಪದವನ್ನೂ ಇಡಬಹುದು ಎಂದು ನನಗೆ ಅಂದು ತಿಳಿಯಿತು. ಒಮ್ಮೆ ಇಟ್ಟ ಮೇಲೆ ಕಷ್ಟವೇನಲ್ಲ.

ಅವರು ಬೈಕು ತಿರುಗಿಸಿದರು. ನಾವು ಗೆದ್ದೆವು ಎಂದುಕೊಂಡೆವು. ಇಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಮನೆಯ ಟ್ರಾಕ್ಟರ್ ಸದ್ದು ಕೇಳಿತು. ನಾವು ಎತ್ತದಿದ್ದರೆ ಹಸುವನ್ನು ಸರಪಳಿಗೆ ಕಟ್ಟಿ ಎಳೆದುಕೊಂಡು ಬಂದು ಮೂಳೆಹಳ್ಳಕ್ಕೆ ತಳ್ಳುತ್ತಾರೆ! ಉದ್ದಕ್ಕೂ ಆ ರಕ್ತ ದಾರಿಗೆ ಬೀಳುತ್ತದೆ. ಆ ದಾರಿಯಲ್ಲೇ ಊರ ದನವೆಲ್ಲ ನೀರಿಗೆ ಇಳಿಯುವುದು, ಆ ದಾರಿಯಲ್ಲೇ ನೀವು ಬರಿಗಾಲಿನಲ್ಲಿ ಆಡುತ್ತಿದ್ದುದು. ನಾವು ಎತ್ತದಿದ್ದರೆ ಸಾಲದು, ಹಸು ಬಿದ್ದ ಜಾಗದಿಂದ ಅಲುಗಲೂಬಾರದು ಎಂದು ಅರ್ಥವಾಯಿತು.

"ಫೋನ್ ಮಾಡೇ," ಎಂದು ನಿಮ್ಮಮ್ಮನಿಗೆ ಹೇಳಿ ಓಡಿದೆ. ನನ್ನ ಹಿಂದೆ ಹೆಂಗಸರು ಬಂದರು. ಯಾಕೆ ಬಂದಿರಿ ಎಂದು ಆಮೇಲೆ ಕೇಳಿದರೆ ಒಬ್ಬಳು, "ನೀನು ಓಡಿದ್ದ ನಾ ಕಂಡಿರನಿಲ್ಲ, ನೋಡವ ಅಂತ ಬಂದೆ," ಎಂದಳು.

ದೊಡ್ಡಮನೆಯ ಹಿತ್ತಲ ಬಾಗಿಲಿನಿಂದ ಟ್ರಾಕ್ಟರ್ ಇನ್ನೂ ಹೊರಬಿದ್ದಿರಲಿಲ್ಲ. ನಾವು ಬಾಗಿಲಿಗೆ ಅಡ್ಡ ಕೂತೆವು. ಓಡಿಸುತ್ತಿದ್ದವನು ನನ್ನ ಅಣ್ಣನ ಮಗ, ಅವರಲ್ಲಿ ಡ್ರೈವರಾಗಿದ್ದ.

"ಅತ್ತೆ, ಏಳಿ. ಬುದ್ದಿಯೋರು ಬಯ್ತಾರೆ."

"ಬಯ್ಸ್ಕ."

"ನನ್ನ ಕೆಲ್ಸ ಓಯ್ತದೆ ಅತ್ತೆ."

"ಕೆಲ್ಸ ಓದ್ರೆ ಇನ್ನೊಂದು ಸಿಕ್ತದೆ. ಸರಪಳಿ ಕಟ್ಟುವಾಗ ಆ ರಕ್ತ ಮುಟ್ಟುದ್ಯಾ?"

"ಇನ್ನೂ ಕಟ್ಟಿಲ್ಲ."

"ಸರಿ, ಇಂಜನ್ ಆರ್ಸು. ಡೀಸೆಲ್ಲೂ ಉಳೀತದೆ."

ಅವನು ಒಂದು ಸಲ ಮನೆಯ ಕಡೆ ನೋಡಿದ, ಒಂದು ಸಲ ನಮ್ಮ ಕಡೆ ನೋಡಿದ, ಇಂಜಿನ್ ಆರಿಸಿ ಇಳಿದು ದೂರ ಹೋಗಿ ನಿಂತ. ಕೀಲಿಕೈಯನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗಿದ್ದ, ಜಾಣ.

ಹಸು ಕೊಟ್ಟಿಗೆಯ ಹಿಂದೆ ಬಾಳೆತೋಟದ ಅಂಚಿನಲ್ಲಿ ಬಿದ್ದಿತ್ತು. ಹೊಟ್ಟೆ ಆಗಲೇ ಊದಿತ್ತು. ಕಾಗೆಗಳು ಗೋಡೆ ಮೇಲೆ ಸಾಲಾಗಿ ಕೂತಿದ್ದವು, ನಾಯಿಗಳು ಸುತ್ತುತ್ತಿದ್ದವು. ನಾವು ಮುಟ್ಟಲಿಲ್ಲ. ಬೇಲಿಯ ಜಾಲಿಮುಳ್ಳನ್ನು ಕಿತ್ತು ತಂದು ದೂರದಿಂದಲೇ ಸುತ್ತಲೂ ತಳ್ಳಿದೆವು, ಕೋಲು ಹಿಡಿದು ನಾಯಿ ಓಡಿಸಿದೆವು. ಆ ಹಿತ್ತಲಿನೊಳಗೆ ಸಗಣಿ ಬಾಚಲು ಬಿಟ್ಟರೆ ಬೇರೆ ಯಾವುದಕ್ಕೂ ನಮ್ಮನ್ನು ಬಿಟ್ಟವರಲ್ಲ. ಅಂದು ನಾವೇ ಅದಕ್ಕೆ ಕಾವಲು ನಿಂತೆವು.

ಯಜಮಾನರು ಕೂಗಾಡಿದರು. ಹಾಲಿನ ವ್ಯಾನಿನವರಿಗೆ ಗೊತ್ತಾದರೆ ಹಾಲು ಕೊಳ್ಳುವುದಿಲ್ಲ, ಊರಿಗೆಲ್ಲ ಸಾರಿ ನನ್ನ ಮನೆ ಹಾಳು ಮಾಡಿದಿರಿ ಎಂದರು. ಅವರ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಉಳಿದ ಹಸುಗಳೂ ಅವರಿಗೆ ಬೇಕಲ್ಲ. ಆದರೆ ಅವರ ಹಾಲು ಉಳಿಯಲು ನಿಮ್ಮಪ್ಪನ ತೋಳನ್ನು ಕೊಡಲು ನಾನು ತಯಾರಿರಲಿಲ್ಲ. ಒಂದು ತೋಳು ಆಗಲೇ ಕೊಟ್ಟಿದ್ದೆ.

ಬಿಸಿಲು ಇಳಿಯುವ ಮುಂಚೆ ಜೀಪು ಬಂತು. ಡಾಕ್ಟರಮ್ಮ ಕೈಗೆ ಗವಸು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮುಳ್ಳು ಸರಿಸಿ ಹೋದಳು. ಹಸುವಿನ ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದಳು. ಮೂಗಿಗೂ ಹಿಂದಕ್ಕೂ ಔಷಧಿಯ ಹತ್ತಿ ತುರುಕಿದಳು. ಪರೀಕ್ಷೆಯ ಫಲ ಆಮೇಲೆ ಬರುತ್ತದೆ, ಈಗ ಇದನ್ನು ಕುಯ್ಯದೆ ಇಲ್ಲೇ ಆಳವಾಗಿ ಹೂಳಬೇಕು, ರಕ್ತ ಬಿದ್ದ ಮಣ್ಣನ್ನೂ ಕೆರೆದು ಒಳಗೆ ಹಾಕಬೇಕು, ಮೇಲೆ ಸುಣ್ಣ ಸುರಿಯಬೇಕು ಎಂದಳು.

"ಇಲ್ಲೇ ಅಂದ್ರೆ? ನನ್ನ ತೋಟದಲ್ಲಾ?" ಎಂದರು ಯಜಮಾನರು. "ಊರಲ್ಲಿ ಬಿದ್ದ ದನಕ್ಕೆ ಅಳ್ಳ ಅದಲ್ಲಮ್ಮ, ಇವ್ರ ಬೀದಿ ಕೆಳಗೆ. ಅಲ್ಲೇ ಆಕೋದು ಮೊದ್ಲಿಂದ್ಲೂ."

ಡಾಕ್ಟರಮ್ಮ ಬಾಯಿ ತೆರೆಯುವುದರೊಳಗೆ ನನ್ನ ಬಾಯಿ ತೆರೆಯಿತು.

"ಬುದ್ದಿ, ಆಲು ಎಲ್ಲಿ ಕರಕಂಡ್ರಿ?"

"ಏನು?"

"ಈ ಅಸ ಬದುಕಿದ್ದಾಗ ಆಲು ಎಲ್ಲಿ ಕರಕಂಡ್ರೋ ಅಲ್ಲೇ ಹೂಳಿ. ನಮ್ಮ ಅಳ್ಳಕ್ಕೆ ಒಂದು ಲೋಟ ಆಲೂ ಬಂದಿಲ್ಲ."

ಈ ಸಲ ಯಾರೂ ನಗಲಿಲ್ಲ. ಡಾಕ್ಟರಮ್ಮ ನಿಧಾನವಾಗಿ ಹೇಳಿದಳು: ಎಳೆದರೆ ದಾರಿಯೆಲ್ಲ ರೋಗ ಬೀಳುತ್ತದೆ, ಆ ದಾರಿಯಲ್ಲಿ ನಿಮ್ಮ ಉಳಿದ ಹಸುಗಳೂ ನಡೆಯುತ್ತವೆ. ಹೂಳಿದ ಜಾಗಕ್ಕೆ ಬೇಲಿ ಹಾಕಿ, ಅಲ್ಲಿ ಮೇಯಿಸಬೇಡಿ, ಅಗೆಯಬೇಡಿ. ನಾನು ಹೇಳುವವರೆಗೆ ಹಾಲು ಕಳುಹಿಸಬೇಡಿ. ಉಳಿದವಕ್ಕೆ ಇವತ್ತೇ ಔಷಧಿ ಶುರು ಮಾಡೋಣ. ಆಗ ಯಜಮಾನರ ಹೆಂಡತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಇನ್ನೊಂದು ಬೀಳಾಗಂಟ ಕಾಯ್ತೀರಾ? ಅವ್ರು ಯೋಳ್ದಂಗೆ ಮಾಡಿ," ಎಂದರು. ಯಜಮಾನರು ಜೇಸೀಬಿಗೆ ಫೋನ್ ಮಾಡಿದರು. ಗುಂಡಿ ಅಗೆಯಲು ನಮ್ಮವರನ್ನು ಕರೆಯಲಿಲ್ಲ, ಕರೆದಿದ್ದರೂ ಯಾರೂ ಹೋಗುತ್ತಿರಲಿಲ್ಲ. ಬಾಳೆಗಿಡಗಳ ನಡುವೆ ಗುಂಡಿ ಬಿತ್ತು, ಹಸು ಇಳಿಯಿತು, ಸುಣ್ಣ ಬಿತ್ತು, ಮಣ್ಣು ಮುಚ್ಚಿತು. ಮುಚ್ಚುವವರೆಗೂ ನಾವು ನಿಂತಿದ್ದೆವು.

ಆಮೇಲೆ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದೊಡ್ಡಮನೆಯಲ್ಲಿ ನಮ್ಮ ಬೀದಿಗೆ ಕೂಲಿ ನಿಂತಿತು. ಟೊಮೆಟೊ ಬಿಡಿಸಲು ಬೇರೆ ಊರಿನಿಂದ ಆಳು ತಂದರು. ನನ್ನ ಹಿಂದೆ ಓಡಿ ಬಂದವರೇ, "ನಿನ್ನ ಬಾಯಿಂದ ನಮ್ಮ ಗಂಜಿ ಓಯ್ತು," ಎಂದು ನಲ್ಲಿಯ ಹತ್ತಿರ ನನಗೆ ಕೇಳುವಂತೆ ಆಡಿದರು. ಆಡಲಿ. ನಾನು ಯಾರ ಹತ್ತಿರವೂ ತಪ್ಪಾಯಿತು ಎನ್ನಲಿಲ್ಲ. ಹಸಿವು ನಮಗೆ ಹೊಸದಲ್ಲ, ಅದಕ್ಕೆ ನಾವಾಗಿ ಬಾಗಿಲು ತೆಗೆದದ್ದು ಮಾತ್ರ ಹೊಸದು. ನಿಮ್ಮಪ್ಪ ತಾಳವಾಡಿಯಲ್ಲಿ ತರಕಾರಿ ಲೋಡು ಮಾಡಲು ಹೋದ. ನಾನೂ ನಿಮ್ಮಮ್ಮನೂ ಗಡಿಯಾಚೆ ಅರಿಸಿನದ ಕಳೆ ಕೀಳಲು ಹೋದೆವು. ಬೆಳಗ್ಗೆ ನಿಮ್ಮಪ್ಪ ನೀರು ಹಾಕಿಕೊಳ್ಳುವಾಗ ನಾನು ಅವನ ತೋಳುಗಳನ್ನು ನೋಡುತ್ತಿದ್ದೆ. "ನಾನು ಮುಟ್ಟೇ ಇಲ್ವಲ್ಲವ್ವ," ಎಂದು ಬಯ್ಯುತ್ತಿದ್ದ. ಆದರೂ ನೋಡುತ್ತಿದ್ದೆ.

ನೋಡಬೇಕಾದ ತೋಳು ಬೇರೆಯದಾಗಿತ್ತು.

ಹಸು ಹೂಳಿದ ಮಾರನೆಯ ದಿನವೇ ಆಸ್ಪತ್ರೆಯಿಂದ ನರ್ಸಮ್ಮ ಬಂದು, ಆ ಹಸುವನ್ನು ಮುಟ್ಟಿದವರೆಲ್ಲ ನುಂಗಬೇಕೆಂದು ಮಾತ್ರೆ ಕೊಟ್ಟಿದ್ದಳು. ದೊಡ್ಡತಾತ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು, ನುಂಗಲಿಲ್ಲ. ಜ್ವರ ಇಲ್ಲದವನಿಗೆ ಮಾತ್ರೆ ಯಾಕೆ ಎಂದುಕೊಂಡರಂತೆ. ಒಂದು ಸಂಜೆ ನಾನು ಕೂಲಿಯಿಂದ ಬಂದು ಒಲೆ ಹಚ್ಚುತ್ತಿದ್ದೆ. ಅವರು ಬಂದು ಬಾಗಿಲ ಹತ್ತಿರ ನಿಂತರು. ನಾನು ಅಭ್ಯಾಸದಂತೆ ಸೆರಗು ಎಳೆದುಕೊಂಡೆ. ಅವರು ಹಸುವಿನ ರಕ್ತ ಒರೆಸಿದ್ದ ಬಲಗೈಯನ್ನು ಮುಂದೆ ಚಾಚಿದರು.

ಮಣಿಕಟ್ಟಿನ ಮೇಲೆ ಗುಳ್ಳೆ. ನಡುವೆ ಕಪ್ಪು.

"ಇದೇನಾ ಅವ್ವ?" ಎಂದರು. "ನೀನು ಕಂಡೋಳು. ನೋಡಿ ಯೋಳು."

"ನೋಯ್ತದಾ ಬಾವ?"

"ಇಲ್ಲ."

ಆ 'ಇಲ್ಲ' ಹೇಳುತ್ತಲೇ ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ತಮ್ಮನ ಮಾತು ಅವರಿಗೂ ನೆನಪಿತ್ತು.

ನಾನು ಒಲೆಯ ಕೊಳ್ಳಿಗೆ ನೀರು ಹಾಕಿದೆ. ನಿಮ್ಮಪ್ಪ ಯಾರದೋ ಟೆಂಪೋ ಹಿಡಿದು ತಂದ. ತಾಳವಾಡಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ದೊಡ್ಡತಾತ ಕೈಯನ್ನು ತೊಡೆಯ ಮೇಲೆ, ಬೇರೆಯವರ ಸಾಮಾನು ಇಟ್ಟುಕೊಂಡಂತೆ ಇಟ್ಟುಕೊಂಡು ಕೂತಿದ್ದರು. "ಹುಳ ಅಂತ ನಾನೇ ಎಲ್ಲಾರ್ಗೂ ಯೋಳ್ದೆ," ಎಂದರು ಒಮ್ಮೆ. "ನಿಮಗೇನು ಗೊತ್ತಿತ್ತು ಬಾವ," ಎಂದೆ.

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ ಊರು ಕೇಳಿದಳು, ವಯಸ್ಸು ಕೇಳಿದಳು. ಡಾಕ್ಟರು ಕೈ ನೋಡಿ ನರ್ಸಿಗೆ ಏನೋ ಹೇಳಿದರು. ಬೇಗ ಬಂದಿರಿ, ಸೂಜಿ ಶುರು ಮಾಡುತ್ತೇವೆ, ವಾಸಿಯಾಗುತ್ತದೆ, ಆದರೆ ಇಲ್ಲೇ ಇರಬೇಕು ಎಂದರು. ವಾಸಿಯೂ ಆಯಿತು. ಈಗಲೂ ದೊಡ್ಡತಾತ ನಿಮ್ಮನ್ನು ಎತ್ತಿಕೊಳ್ಳುವಾಗ ಆ ಮಣಿಕಟ್ಟಿನ ಮೇಲೆ ಕಾಸಿನಗಲದ ಬಿಳಿ ಗುರುತು ಕಾಣುತ್ತದಲ್ಲ, ಅದೇ.

ಆದರೆ ನನಗೆ ಅದಕ್ಕಿಂತ ಹೆಚ್ಚು ನೆನಪಿರುವುದು ಆ ದಿನ ಡಾಕ್ಟರು ಕೇಳಿದ ಕೊನೆಯ ಪ್ರಶ್ನೆ.

"ಎನ್ನ ವೇಲೆ?" ಎಂದರು, ಏನು ಕೆಲಸ ಎಂದು.

ದೊಡ್ಡತಾತನಿಗೆ ತಮಿಳು ಚೆನ್ನಾಗಿ ಬರುತ್ತದೆ. ಆದರೂ ಕನ್ನಡದಲ್ಲೇ, ಆ ಡಾಕ್ಟರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನೋಡದೆ ಹೇಳಿದರು:

"ದನ ಎತ್ತಾ ಇದ್ದೆ." ಆಮೇಲೆ, "ಇನ್ಮ್ಯಾಲೆ ಎತ್ತಕಿಲ್ಲ," ಎಂದರು.